ಗಂಜ್ ಪೇಠೆಯ ಫುಲೆ ವಾಡೆ: ಓದುಗರ ಪ್ರಶ್ನೆಗಳು, ಉತ್ತರಗಳು

ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಬಾಳಿದ ಪುಣೆಯ ಮನೆಯನ್ನು ಒಂದೇ ಸಾಲಿನಲ್ಲಿ ಹೆಸರಿಸಿ ಮುಂದೆ ಸಾಗಿದ್ದೆ. ಆ ಒಂದು ಸಾಲಿನ ಬಗ್ಗೆಯೇ ಹೆಚ್ಚಿನ ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಮನೆಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಪುಣೆಗೆ ಹೋದಾಗಲೆಲ್ಲ ಶನಿವಾರವಾಡೆಯನ್ನು ನೋಡಿ ಬಂದಿದ್ದೇವೆ. ಫುಲೆ ವಾಡೆ ಎಲ್ಲಿದೆ? ಅದೂ ನಮ್ಮ ಕಡೆಯ ದೇಸಾಯರ ವಾಡೆಗಳಂತೆ ದೊಡ್ಡದೇ? (ಬೆಳಗಾವಿಯ ಓದುಗರು)

ವಾಡೆ ಇರುವುದು ಹಳೆಯ ಪುಣೆಯ ಪೂರ್ವ ಭಾಗದ ಗಂಜ್ ಪೇಠೆಯಲ್ಲಿ. ಈಗ ಆ ಪೇಠೆಗೆ ಮಹಾತ್ಮಾ ಫುಲೆ ಪೇಠೆ ಎಂದೇ ಹೆಸರು. ಸ್ವಾರಗೇಟ್ ಬಸ್ ನಿಲ್ದಾಣದಿಂದ ಹೆಚ್ಚು ದೂರವಿಲ್ಲ. ದೇಸಾಯರ ವಾಡೆಗಳ ಹೆಬ್ಬಾಗಿಲನ್ನೂ ಬುರುಜನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೋದರೆ, ಇದಕ್ಕೂ ವಾಡೆ ಎನ್ನುತ್ತಾರೆಯೇ ಎಂದು ನಿಮಗೆ ಅನ್ನಿಸಬಹುದು. ಹೆಂಚಿನ ಮಾಡು, ಮರದ ಕಂಬಗಳ ಜಗಲಿ, ಕೆಲವು ಸಣ್ಣ ಕೋಣೆಗಳು, ಹೊರಗೆ ಒಂದು ಅಂಗಳ, ಅದರಲ್ಲಿ ಬಾವಿ ಮತ್ತು ಸಮಾಧಿ. ಮನೆ ಇಷ್ಟೇ.

ಆದರೆ ಈ ಮನೆ ಯಾವ ಪೇಠೆಯಲ್ಲಿದೆ ಎಂಬುದನ್ನು ಗಮನಿಸದಿದ್ದರೆ ನೋಡಿದ್ದು ಅರ್ಧವಾಗುತ್ತದೆ. ಶನಿವಾರ, ಸದಾಶಿವ, ನಾರಾಯಣ ಪೇಠೆಗಳು ಪೇಶ್ವೆಯರ ಕಾಲದ ಅಧಿಕಾರಿಗಳೂ ಪಂಡಿತರೂ ನೆಲೆಸಿದ್ದ ಭಾಗಗಳಾಗಿದ್ದರೆ, ಗಂಜ್ ಪೇಠೆಯ ಸುತ್ತಲಿನ ಪೂರ್ವದ ಪೇಠೆಗಳಲ್ಲಿ ದುಡಿಯುವ ಜಾತಿಗಳ ಜನ ವಾಸವಾಗಿದ್ದರು. ಪೇಶ್ವೆಯರಿಗೆ ಹೂವು ಒದಗಿಸುತ್ತಿದ್ದ ಮಾಳಿ ಮನೆತನದಲ್ಲಿ 1827ರ ಏಪ್ರಿಲ್ 11ರಂದು ಹುಟ್ಟಿದ ಜ್ಯೋತಿಬಾ ಮುಂದೆ ಗುತ್ತಿಗೆದಾರರಾಗಿ ಹಣ ಗಳಿಸಿದರು, 1876ರಿಂದ ಕೆಲವು ವರ್ಷ ಪುಣೆ ನಗರಸಭೆಯ ಸದಸ್ಯರಾಗಿದ್ದರು. ಊರಿನ ಪ್ರತಿಷ್ಠಿತ ಭಾಗಕ್ಕೆ ವಾಸ ಬದಲಿಸುವ ಅನುಕೂಲ ಒದಗಿದ ಮೇಲೂ ಅವರು ಇಲ್ಲಿಯೇ ಉಳಿದರು. ತಮ್ಮ ಕೆಲಸ ಯಾರ ನಡುವೆ ನಡೆಯಬೇಕಿತ್ತೋ ಅವರ ನಡುವೆಯೇ ಮನೆ ಮಾಡಿಕೊಂಡಿದ್ದರು ಎಂಬುದನ್ನು ಆ ಓಣಿಗಳಲ್ಲಿ ನಡೆದು ಬಂದವರು ಚೆನ್ನಾಗಿ ಅರಿಯಬಲ್ಲರು. ಆದ್ದರಿಂದ ವಾಡೆಯ ಬಾಗಿಲಿಗೇ ರಿಕ್ಷಾದಲ್ಲಿ ಇಳಿಯುವ ಬದಲು ಸ್ವಲ್ಪ ಹಿಂದೆಯೇ ಇಳಿದು ನಡೆದು ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪ್ರಶ್ನೆ: ಫುಲೆಯವರು ತಮ್ಮ ಮನೆಯ ನೀರನ್ನು ಅಸ್ಪೃಶ್ಯರಿಗೆ ತೆರೆದರು ಎಂದು ಪಾಠದಲ್ಲಿ ಹೇಳುತ್ತೇನೆ. ಮಕ್ಕಳು “ಅದರಲ್ಲೇನು ದೊಡ್ಡದು?” ಎಂದು ಕೇಳುತ್ತಾರೆ. ಏನು ಹೇಳಲಿ? (ರಾಯಚೂರು ಜಿಲ್ಲೆಯ ಶಿಕ್ಷಕಿ)

ಮಕ್ಕಳ ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹೇಳಬೇಕು, ಏಕೆಂದರೆ ಇಡೀ ಮನೆಯ ಮಹತ್ವ ಇರುವುದೇ ಅಲ್ಲಿ.

ಘಟನೆ ನಡೆದದ್ದು 1868ರಲ್ಲಿ. ಜ್ಯೋತಿಬಾ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿಕೊಂಡವರ ಬಳಕೆಗೆ ಬಿಟ್ಟುಕೊಟ್ಟರು. ಕೇಳುವವರು ಇದನ್ನು ದಾನವೆಂದು, ಬಾಯಾರಿದವರಿಗೆ ನೀರು ಕೊಟ್ಟ ಕರುಣೆಯೆಂದು ತಿಳಿಯುತ್ತಾರೆ. ಆ ತಿಳಿವಳಿಕೆಯನ್ನು ತಿದ್ದಬೇಕಾದದ್ದು ಶಿಕ್ಷಕರ ಕೆಲಸ. ದೂರದಲ್ಲಿ ನಿಲ್ಲಿಸಿ, ಮೇಲಿನಿಂದ ಬೊಗಸೆಗೆ ನೀರು ಸುರಿಯುವ ದಾನವನ್ನು ಅಂದಿನ ಸಂಪ್ರದಾಯವೂ ಒಪ್ಪುತ್ತಿತ್ತು, ಅದರಲ್ಲಿ ಪುಣ್ಯವನ್ನೂ ಕಾಣುತ್ತಿತ್ತು. ಸಂಪ್ರದಾಯ ನಿಷೇಧಿಸಿದ್ದು ಮುಟ್ಟುವುದನ್ನು: ಆ ಮನುಷ್ಯನ ಕೊಡ ತೊಟ್ಟಿಯ ನೀರಿಗೆ ಇಳಿಯುವುದನ್ನು, ಅದೇ ನೀರನ್ನು ಅನಂತರ ಮನೆಯವರು ಕುಡಿಯುವುದನ್ನು. ಜ್ಯೋತಿಬಾ ಮುರಿದದ್ದು ಈ ನಿಷೇಧವನ್ನು. ತಮ್ಮ ಅಡುಗೆಯ ನೀರು, ಕುಡಿಯುವ ನೀರು, ಅತಿಥಿಗಳಿಗೆ ಕೊಡುವ ನೀರು ಎಲ್ಲವೂ ಆ ಕ್ಷಣದಿಂದ ಸಂಪ್ರದಾಯಸ್ಥರ ಕಣ್ಣಿನಲ್ಲಿ ಮೈಲಿಗೆಯಾಗುತ್ತದೆ, ಸ್ವಜಾತಿಯ ನೆಂಟರೂ ಮನೆಯಲ್ಲಿ ತೊಟ್ಟು ನೀರು ಮುಟ್ಟದೆ ಹಿಂದಿರುಗಬಹುದು ಎಂಬುದನ್ನು ಬಲ್ಲವರಾಗಿಯೇ ಆ ದಂಪತಿಗಳು ಹಾಗೆ ಮಾಡಿದರು. ಬಹಿಷ್ಕಾರವೆಂದರೆ ಏನೆಂಬುದು ಅವರಿಗೆ ಹೊಸದಾಗಿರಲಿಲ್ಲ. ಶಾಲೆ ನಡೆಸುವುದನ್ನು ಬಿಡಲು ಒಪ್ಪದ ಕಾರಣಕ್ಕೆ 1849ರಲ್ಲಿ ತಂದೆ ಗೋವಿಂದರಾಯರ ಮನೆಯಿಂದ ಇಬ್ಬರೂ ಹೊರನಡೆಯಬೇಕಾಗಿ ಬಂದಿತ್ತು.

ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಿ. ಸಾರ್ವಜನಿಕ ನೀರಿನ ಮೇಲೆ ಎಲ್ಲರಿಗೂ ಹಕ್ಕಿದೆ ಎಂದು ತೋರಿಸಲು ಡಾ. ಅಂಬೇಡ್ಕರ್ ಮಹಾಡಿನ ಚವದಾರ ಕೆರೆಗೆ ಜನರನ್ನು ಕರೆದೊಯ್ದದ್ದು 1927ರ ಮಾರ್ಚ್ 20ರಂದು, ಅಂದರೆ ಗಂಜ್ ಪೇಠೆಯ ತೊಟ್ಟಿ ತೆರೆದ 59 ವರ್ಷಗಳ ನಂತರ. ಆಗಲೂ ನೀರು ಮುಟ್ಟಿದವರ ಮೇಲೆ ಹಲ್ಲೆ ನಡೆಯಿತು. ಬುದ್ಧ, ಕಬೀರರ ಜೊತೆಗೆ ಫುಲೆಯವರನ್ನು ತಮ್ಮ ಮೂವರು ಗುರುಗಳಲ್ಲಿ ಒಬ್ಬರೆಂದು ಅಂಬೇಡ್ಕರ್ ಕರೆದದ್ದಕ್ಕೆ ಕಾರಣಗಳು ಹಲವು ಇರಬಹುದು, ಆದರೆ ಆ ತೊಟ್ಟಿಯನ್ನು ಬಿಟ್ಟು ಆ ಗುರುತ್ವವನ್ನು ನಾನು ಯೋಚಿಸಲಾರೆ. ಇಂದು ವಾಡೆಗೆ ಹೋದವರಿಗೆ ಅಂಗಳದ ಬಾವಿಯನ್ನು ತೋರಿಸಿ ಈ ಕಥೆಯನ್ನು ಹೇಳುತ್ತಾರೆ. ಹೆಚ್ಚಿನವರು ಒಂದು ಚಿತ್ರ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಆ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದೇ.

ಪ್ರಶ್ನೆ: ವಿಧವೆಯರಿಗಾಗಿ ನಡೆಸಿದ ಪ್ರಸೂತಿ ಗೃಹವೂ ಇದೇ ಮನೆಯಲ್ಲಿತ್ತೇ? (ಮೈಸೂರಿನ ಓದುಗರು)

ಹೌದು, 1863ರಲ್ಲಿ ಫುಲೆ ದಂಪತಿಗಳು ಶಿಶುಹತ್ಯೆಯನ್ನು ತಡೆಯುವ ಗೃಹವನ್ನು ತೆರೆದದ್ದು ತಮ್ಮ ಮನೆಯ ಆವರಣದಲ್ಲಿಯೇ. ಅದರ ಹಿನ್ನೆಲೆ ಮನಸ್ಸನ್ನು ಕಲಕುವಂಥದು. ಜ್ಯೋತಿಬಾ ಅವರ ಗೆಳೆಯ ಸದಾಶಿವ ಬಲ್ಲಾಳ ಗೋವಂಡೆಯವರ ಮನೆಯಲ್ಲಿ ಅಡುಗೆಗಿದ್ದ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆ ನೆರೆಯ ಶಾಸ್ತ್ರಿಯೊಬ್ಬನಿಂದ ಗರ್ಭಿಣಿಯಾಗಿ, ಬೇರೆ ದಾರಿ ಕಾಣದೆ ಹೆತ್ತ ಮಗುವನ್ನು ಕೊಂದು ಬಾವಿಗೆ ಹಾಕಿದಳು. ನ್ಯಾಯಾಲಯ ಅವಳಿಗೆ ಜೀವಾವಧಿ ಶಿಕ್ಷೆ ವಿಧಿಸಿ ಅಂಡಮಾನಿಗೆ ಕಳುಹಿಸಿತು. ಹೆಣ್ಣಿಗೆ ಕಾಳಾಪಾನಿ, ಗಂಡಸಿಗೆ ಏನೂ ಇಲ್ಲ. ಇದಾದ ಮೇಲೆ, ಹೀಗೆ ಸಂಕಟಕ್ಕೆ ಸಿಲುಕಿದ ವಿಧವೆಯರು ಗುಟ್ಟಾಗಿ ಬಂದು ಹೆರಿಗೆ ಮಾಡಿಸಿಕೊಂಡು, ಮಗುವನ್ನು ಜೊತೆಗೆ ಒಯ್ಯಬಹುದು ಅಥವಾ ಇಲ್ಲಿಯೇ ಬಿಟ್ಟು ಹೋಗಬಹುದು ಎಂದು ಸಾರುವ ಬಿತ್ತಿಪತ್ರಗಳನ್ನು ಊರಿನಲ್ಲಿ ಅಂಟಿಸಲಾಯಿತು.

1884ರಲ್ಲಿ ಸರ್ಕಾರಕ್ಕೆ ಬರೆದು ಕೊಟ್ಟ ಅಭಿಪ್ರಾಯದಲ್ಲಿ ಜ್ಯೋತಿಬಾ ಅವರೇ ಲೆಕ್ಕ ಹೇಳಿದ್ದಾರೆ: ಅಲ್ಲಿಯವರೆಗೆ 35 ಗರ್ಭಿಣಿ ವಿಧವೆಯರು ಬಂದು ಹೆತ್ತಿದ್ದರು, ಹುಟ್ಟಿದ ಶಿಶುಗಳಲ್ಲಿ ಬದುಕಿ ಉಳಿದಿದ್ದವು ಐದು ಮಾತ್ರ. ಗರ್ಭವನ್ನು ಇಳಿಸಲು ಮೊದಲೇ ಕುಡಿದಿದ್ದ ವಿಷದ ಮದ್ದುಗಳೇ ಉಳಿದ ಮಕ್ಕಳ ಸಾವಿಗೆ ಕಾರಣ ಎಂದು ಅವರು ಬರೆದರು. ಯಶಸ್ಸಿನ ಅಂಕಿಗಳನ್ನು ದೊಡ್ಡದು ಮಾಡಿ ಬರೆಯುವ ಅವಕಾಶವಿದ್ದಾಗಲೂ ಸೋಲನ್ನು ಮುಚ್ಚಿಡದ ಈ ಲೆಕ್ಕ ನನಗೆ ಆ ಮನೆಯ ಯಾವ ಚಿತ್ರಪಟಕ್ಕಿಂತಲೂ ಹೆಚ್ಚು ಮಾತನಾಡುತ್ತದೆ. ಹಾಗೆ ಆಶ್ರಯಕ್ಕೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನೇ ಯಶವಂತ. ತಮಗೆ ಮಕ್ಕಳಿಲ್ಲದ ಜ್ಯೋತಿಬಾ, ಸಾವಿತ್ರಿಬಾಯಿ ಅವನನ್ನು ದತ್ತು ಪಡೆದು ಸಾಕಿ, ವೈದ್ಯನನ್ನಾಗಿ ಮಾಡಿದರು. ಹೆರಿಗೆಗಳನ್ನು ನೋಡಿಕೊಂಡವರು, ಬಾಣಂತಿಯರ ಆರೈಕೆ ಮಾಡಿದವರು ಸಾವಿತ್ರಿಬಾಯಿ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು; ‘ಫುಲೆ ವಾಡೆ’ ಎಂದೊಡನೆ ಜನ ಒಬ್ಬರ ಮನೆಯೆಂದು ಭಾವಿಸುತ್ತಾರೆ, ಆದರೆ ಆ ಗೋಡೆಗಳ ಒಳಗೆ ನಡೆದ ಕೆಲಸದ ಬಹುಪಾಲು ಅವರದು.

ಪ್ರಶ್ನೆ: ಮನೆಯ ಅಂಗಳದಲ್ಲಿಯೇ ಜ್ಯೋತಿಬಾ ಅವರ ಸಮಾಧಿ ಇದೆ ಎಂದು ಕೇಳಿದ್ದೇನೆ. ಅವರನ್ನು ಹೂಳಲಾಯಿತೇ, ಸುಡಲಾಯಿತೇ? (ಕಲಬುರಗಿಯ ಓದುಗರು)

ಹೂಳಬೇಕೆಂಬುದು ಅವರ ಇಚ್ಛೆಯಾಗಿತ್ತು. ದೇಹವನ್ನು ಉಪ್ಪಿನಲ್ಲಿಟ್ಟು ಮಣ್ಣು ಮಾಡಬೇಕೆಂದು ಹೇಳಿ ಮನೆಯ ಹಿಂದೆ ಗುಂಡಿಯನ್ನೂ ತೆಗೆಸಿದ್ದರು. 1890ರ ನವೆಂಬರ್ 28ರಂದು ಅವರು ತೀರಿಕೊಂಡಾಗ, ವಸತಿ ಪ್ರದೇಶದಲ್ಲಿ ಹೂಳಲು ನಗರಸಭೆ ಅನುಮತಿ ಕೊಡಲಿಲ್ಲವಾದ್ದರಿಂದ ದಹನ ಮಾಡಬೇಕಾಯಿತು. ದತ್ತುಪುತ್ರ ಯಶವಂತನಿಗೆ ಅಂತ್ಯಕ್ರಿಯೆಯ ಹಕ್ಕಿಲ್ಲವೆಂದು ದಾಯಾದಿಗಳು ತಕರಾರು ತೆಗೆದಾಗ ಸಾವಿತ್ರಿಬಾಯಿ ತಾವೇ ಮಡಕೆಯನ್ನು ಹಿಡಿದು ಶವಯಾತ್ರೆಯ ಮುಂದೆ ನಡೆದರು, ತಾವೇ ಚಿತೆಗೆ ಬೆಂಕಿ ಇಟ್ಟರು. ಆಮೇಲೆ ಅಸ್ಥಿಯನ್ನು ತಂದು ಜ್ಯೋತಿಬಾ ತೆಗೆಸಿದ್ದ ಆ ಗುಂಡಿಯಲ್ಲಿ ಇರಿಸಿದರು. ಈಗ ಅಲ್ಲಿ ತುಳಸಿಕಟ್ಟೆಯ ಆಕಾರದ ಸಮಾಧಿಯೂ ಪಾದುಕೆಗಳೂ ಇವೆ.

ಸಾವಿತ್ರಿಬಾಯಿ ಮಾತ್ರ ಈ ಮನೆಯಲ್ಲಿ ಸಾಯಲಿಲ್ಲ. 1897ರ ಪ್ಲೇಗಿನಲ್ಲಿ, ಊರ ಹೊರಗೆ ಯಶವಂತ ನಡೆಸುತ್ತಿದ್ದ ಚಿಕಿತ್ಸಾ ಕೇಂದ್ರಕ್ಕೆ ಸೋಂಕು ತಗುಲಿದ ಮಹಾರ್ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದು, ಅದೇ ರೋಗ ತಾಗಿ ಮಾರ್ಚ್ 10ರಂದು ತೀರಿಕೊಂಡರು.

ಪ್ರಶ್ನೆ: ಬಹಳ ಆಸೆಯಿಂದ ಹೋಗಿದ್ದೆ. ಒಳಗೆ ಚಿತ್ರಗಳೇ ಹೆಚ್ಚು, ಅವರು ಬಳಸಿದ ವಸ್ತುಗಳು ಕಾಣಲಿಲ್ಲ. ನಿರಾಸೆಯಾಯಿತು. ಹೀಗೇಕೆ? (ಮುಂಬೈ ಕನ್ನಡಿಗರೊಬ್ಬರು)

ನಿಮ್ಮ ನಿರಾಸೆ ನನಗೆ ಅರ್ಥವಾಗುತ್ತದೆ. ಆದರೆ ಆ ಖಾಲಿತನಕ್ಕೂ ಒಂದು ಚರಿತ್ರೆಯಿದೆ. ಜ್ಯೋತಿಬಾ ಅವರ ಕೊನೆಯ ವರ್ಷಗಳೇ ಹಣಕಾಸಿನ ಕಷ್ಟದಲ್ಲಿ ಕಳೆದವು. 1888ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದಾಗ ಅವರು ಎಡಗೈಯಲ್ಲಿ ಬರೆದು ತಮ್ಮ ಕೊನೆಯ ಗ್ರಂಥವನ್ನು ಮುಗಿಸಿದರು. ಅದು ಅಚ್ಚಾದದ್ದು ಅವರ ಮರಣದ ನಂತರ, 1891ರಲ್ಲಿ. ಸಾವಿತ್ರಿಬಾಯಿ ಹೋದ ಮೇಲೆ, ಯಶವಂತ ಅವರೂ ಅಕಾಲದಲ್ಲಿ ತೀರಿಕೊಂಡ ಮೇಲೆ, ಕುಟುಂಬ ಕಡುಬಡತನಕ್ಕೆ ಬಿದ್ದು ಮನೆ ಕೈತಪ್ಪಿತು. ಮುಂದೆ ಸಮುದಾಯದವರು ಅದನ್ನು ಪಡೆದು ವಿದ್ಯಾರ್ಥಿಗಳ ವಸತಿಗೆ ಬಳಸಿದರು, ಇನ್ನೂ ಮುಂದೆ ಅದು ರಾಜ್ಯದ ಸಂರಕ್ಷಿತ ಸ್ಮಾರಕವಾಯಿತು. ಇಷ್ಟು ಕೈ ಬದಲಾದ ಮನೆಯಲ್ಲಿ ಕನ್ನಡಕ, ಲೇಖನಿ, ಪಾತ್ರೆಗಳು ಉಳಿಯುವುದು ಹೇಗೆ? ಅದಕ್ಕಾಗಿಯೇ ಗೋಡೆಗಳ ಮೇಲೆ ಅವರ ಬದುಕಿನ ಘಟನೆಗಳ ಚಿತ್ರಗಳಿವೆ.

ವಸ್ತುಗಳ ಸಮೇತ ಉಳಿದ ಮನೆ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅದು ದೂರದ್ದಾದರೂ ಅಪ್ರಸ್ತುತವಲ್ಲ, ಏಕೆಂದರೆ 1873ರಲ್ಲಿ ಬಂದ ‘ಗುಲಾಮಗಿರಿ’ ಎಂಬ ಕೃತಿಯನ್ನು ಜ್ಯೋತಿಬಾ ಅರ್ಪಿಸಿದ್ದು ಕರಿಯರ ಗುಲಾಮಗಿರಿಯನ್ನು ಕೊನೆಗಾಣಿಸಲು ಶ್ರಮಿಸಿದ ಅಮೆರಿಕದ ಸಜ್ಜನರಿಗೆ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ಆ ಹೋರಾಟದ ದೊಡ್ಡ ದನಿಯಾದ ಫ್ರೆಡ್ರಿಕ್ ಡಗ್ಲಸ್ ವಾಷಿಂಗ್ಟನ್ ನಗರದ ಅನಕೋಸ್ಟಿಯಾ ಭಾಗದ ಗುಡ್ಡದ ಮೇಲೆ 1877ರಲ್ಲಿ ಮನೆಯೊಂದನ್ನು ಕೊಂಡು ಅದಕ್ಕೆ ಸೀಡರ್ ಹಿಲ್ ಎಂದು ಹೆಸರಿಟ್ಟರು. 1895ರಲ್ಲಿ ಅವರು ತೀರಿಕೊಂಡಾಗ ಉಯಿಲಿಗೆ ಸಾಕಷ್ಟು ಸಾಕ್ಷಿಗಳ ಸಹಿ ಇರಲಿಲ್ಲವಾಗಿ ಮನೆ ಅವರ ಪತ್ನಿ ಹೆಲೆನ್ ಪಿಟ್ಸ್ ಅವರಿಗೆ ನೇರವಾಗಿ ದಕ್ಕಲಿಲ್ಲ. ಆಕೆ ಸಾಲ ಮಾಡಿ ಉಳಿದ ವಾರಸುದಾರರ ಪಾಲನ್ನು ಕೊಂಡುಕೊಂಡರು, ಮನೆಯನ್ನು ನೋಡಿಕೊಳ್ಳುವ ಸಂಘವೊಂದಕ್ಕೆ 1900ರಲ್ಲಿ ಸಂಸತ್ತಿನಿಂದಲೇ ಮನ್ನಣೆ ಪಡೆದರು, ಪುಸ್ತಕ, ಪೀಠೋಪಕರಣಗಳನ್ನು ಇದ್ದಂತೆಯೇ ಉಳಿಸಿಕೊಂಡರು. 1903ರಲ್ಲಿ ಅವರು ತೀರಿಹೋದ ಮೇಲೂ ಉಳಿದಿದ್ದ ಸಾಲವನ್ನು ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಟನೆ ಹಣ ಕೂಡಿಸಿ ತೀರಿಸಿತು. 1962ರಲ್ಲಿ ಮನೆ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಸೇರಿತು. ಇಂದು ಅಲ್ಲಿ ಡಗ್ಲಸ್ ಅವರ ಗ್ರಂಥಗಳನ್ನೂ ಪಿಟೀಲನ್ನೂ ನೋಡಬಹುದು.

ಅಲ್ಲಿ ಒಬ್ಬ ವಿಧವೆಗೆ ಸಾಲ ಹುಟ್ಟಿತು, ಅವಳ ಹಿಂದೆ ಒಂದು ಸಂಘಟನೆ ನಿಂತಿತು. ಇಲ್ಲಿ ಯಶವಂತರ ವಿಧವೆಯ ಹಿಂದೆ ಯಾರೂ ನಿಲ್ಲಲಿಲ್ಲ. ವಿಧವೆಯರಿಗೆ ಬಾಗಿಲು ತೆರೆದಿದ್ದ ಮನೆಯ ಸೊಸೆಗೇ ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ ಎಂಬುದು ನನ್ನನ್ನು ಬಹುವಾಗಿ ನೋಯಿಸುತ್ತದೆ. ವಾಡೆಯ ಖಾಲಿ ಕೋಣೆಗಳನ್ನು ನೋಡುವಾಗ ಈ ಸಂಗತಿಯೂ ನೆನಪಿನಲ್ಲಿರಲಿ.

ಪ್ರಶ್ನೆ: ಮೊದಲ ಹೆಣ್ಣುಮಕ್ಕಳ ಶಾಲೆ ನಡೆದ ಮನೆಯನ್ನು ಕೆಡವಿದರು ಎಂದು ಸುದ್ದಿ ಓದಿದ್ದೆ. ಅದು ಇದೇ ವಾಡೆಯೇ? (ಹುಬ್ಬಳ್ಳಿಯ ಓದುಗರು)

ಅಲ್ಲ, ಅದು ಬುಧವಾರ ಪೇಠೆಯ ಭಿಡೆ ವಾಡೆ. ತಾತ್ಯಾಸಾಹೇಬ ಭಿಡೆ ಅವರು ಶಾಲೆಗೆ ಸ್ಥಳ ಕೊಟ್ಟಿದ್ದರು. ಅಲ್ಲಿ 1848ರಲ್ಲಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದರು. ದಗಡೂಶೇಠ್ ಗಣಪತಿ ದೇವಸ್ಥಾನದ ಎದುರಿನ ಆ ಕಟ್ಟಡದಲ್ಲಿ ಅಂಗಡಿಗಳೂ ಬಾಡಿಗೆದಾರರೂ ಇದ್ದರು. ಭೂಸ್ವಾಧೀನದ ವ್ಯಾಜ್ಯ ವರ್ಷಗಟ್ಟಲೆ ನಡೆದು, ಉಚ್ಚ ನ್ಯಾಯಾಲಯ ಮತ್ತು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಗುವ ವೇಳೆಗೆ ಕಟ್ಟಡ ಪೂರ್ತಿ ಜೀರ್ಣವಾಗಿತ್ತು. 2023ರ ಡಿಸೆಂಬರಿನಲ್ಲಿ ಅದನ್ನು ಕೆಡವಿ, ಆ ಸ್ಥಳದಲ್ಲಿ ರಾಷ್ಟ್ರೀಯ ಸ್ಮಾರಕ ಕಟ್ಟಲು ಜಾಗ ಮಾಡಲಾಯಿತು. ಸ್ಮಾರಕ ಎಷ್ಟೇ ಭವ್ಯವಾಗಿ ಎದ್ದರೂ ಆ ಹುಡುಗಿಯರು ಹತ್ತಿದ ಮೆಟ್ಟಿಲು ಮರಳಿ ಬರುವುದಿಲ್ಲ. ಒಂದೇ ಊರಿನ ಎರಡು ಮನೆಗಳಲ್ಲಿ ಒಂದು ಉಳಿಯಿತು, ಒಂದು ಅಳಿಯಿತು. ಮುಖ್ಯ ವ್ಯತ್ಯಾಸ ಒಡೆತನದ್ದು. ಗಂಜ್ ಪೇಠೆಯ ಮನೆ ಫುಲೆಯವರನ್ನು ತಮ್ಮವರೆಂದು ತಿಳಿದವರ ಕೈ ಸೇರಿತು, ಬುಧವಾರ ಪೇಠೆಯದು ಬಾಡಿಗೆ ತರುವ ಆಸ್ತಿಯಾಗಿಯೇ ಉಳಿಯಿತು.

ಪ್ರಶ್ನೆ: ವಾಡೆಯ ಸುತ್ತ ಜಾಗ ಪಡೆದು ಸ್ಮಾರಕವನ್ನು ವಿಸ್ತರಿಸುವ ಮಾತು ಕೇಳಿಬರುತ್ತಿದೆ. ನಿಮ್ಮ ಅಭಿಪ್ರಾಯವೇನು? (ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು)

ವಾಡೆಯನ್ನೂ ಸಮೀಪದ ಸಾವಿತ್ರಿಬಾಯಿ ಸ್ಮಾರಕವನ್ನೂ ಜೋಡಿಸಿ ದೊಡ್ಡದು ಮಾಡುವ ಯೋಜನೆಯ ಉದ್ದೇಶ ಒಳ್ಳೆಯದೇ. ಜಯಂತಿಗಳಂದು ಅಷ್ಟು ಜನರಿಗೆ ಆ ಓಣಿಗಳಲ್ಲಿ ನಿಲ್ಲಲೂ ಜಾಗ ಸಾಲದು. ಶೌಚಾಲಯ, ನೆರಳು, ಒಂದು ಗ್ರಂಥಾಲಯ ಖಂಡಿತ ಬೇಕು. ಆದರೆ ಸುತ್ತಲಿನ ಸಣ್ಣ ಮನೆಗಳಲ್ಲಿ ಇರುವವರೂ ದುಡಿಯುವ ಜನವೇ. ಅವರನ್ನು ಊರಾಚೆಗೆ ಕಳುಹಿಸಿ ಫುಲೆಯವರಿಗೆ ಕಲ್ಲು ಹಾಸಿದ ಮೈದಾನ ಮಾಡಿಕೊಡುವುದಾದರೆ, ಅವರು ಯಾರ ನಡುವೆ ಬಾಳಿದರೋ ಆ ನೆರೆಹೊರೆಯನ್ನೇ ಅಳಿಸಿದಂತೆ. ಬಿಡಬೇಕಾದ ಕುಟುಂಬಗಳಿಗೆ ಅದೇ ಪೇಠೆಯಲ್ಲಿ ಮನೆ ದೊರೆತ ಮೇಲೆ ಮಾತ್ರ ಮೊದಲ ಗೋಡೆ ಬೀಳಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಶಾಲಾ ಮಕ್ಕಳನ್ನು ಯಾವಾಗ ಕರೆದೊಯ್ಯಬಹುದು? (ದಾವಣಗೆರೆಯ ಓದುಗರು)

ಏಪ್ರಿಲ್ 11, ನವೆಂಬರ್ 28, ಜನವರಿ 3 ಮತ್ತು ಮಾರ್ಚ್ 10ರಂದು ಜನಸಂದಣಿ ಹೆಚ್ಚು. ಜನರ ಭಕ್ತಿ, ಹಾಡು, ಪುಸ್ತಕದಂಗಡಿಗಳನ್ನು ನೋಡಬೇಕೆಂದರೆ ಆ ದಿನಗಳಲ್ಲಿ ಹೋಗಿ. ಮಕ್ಕಳು ಮನೆಯನ್ನು ಸಮಾಧಾನವಾಗಿ ನೋಡಬೇಕೆಂದರೆ ಬೇರೆ ದಿನ ಹೋಗಿ.

ಪ್ರಶ್ನೆ: ನಮ್ಮ ಊರಿನಲ್ಲಿಯೂ ಅಸ್ಪೃಶ್ಯತೆಯ ವಿರುದ್ಧ ದುಡಿದ ಹಿರಿಯರೊಬ್ಬರ ಮನೆ ಇದೆ. ವಾರಸುದಾರರು ಬೇರೆ ಬೇರೆ ಊರಿನಲ್ಲಿದ್ದಾರೆ, ಮಾಡು ಸೋರುತ್ತಿದೆ. ಏನು ಮಾಡಬೇಕು? (ಹಾವೇರಿ ಜಿಲ್ಲೆಯ ಯುವಕರ ಗುಂಪು)

ಮಾಡಿಗೆ ಈ ಮಳೆಗಾಲಕ್ಕೆ ಮೊದಲೇ ಹೆಂಚು ಅಥವಾ ತಾಡಪಾಲು ಹೊದಿಸಿ. ಮಣ್ಣಿನ ಗೋಡೆಯ ಮನೆಗೆ ನೀರೇ ಮೊದಲ ಶತ್ರು. ತೇಪೆ ಹಾಕಲು ಸಿಮೆಂಟ್ ಬಳಸಬೇಡಿ, ಅದು ಗೋಡೆಯೊಳಗಿನ ತೇವವನ್ನು ಹೊರಹೋಗಲು ಬಿಡದೆ ಮಣ್ಣನ್ನು ಒಳಗಿನಿಂದ ಕರಗಿಸುತ್ತದೆ. ಸುಣ್ಣದ ಗಾರೆಯೇ ಆಗಬೇಕು, ಆ ಕೆಲಸ ಬಲ್ಲ ಹಿರಿಯ ಗೌಂಡಿಗಳು ನಿಮ್ಮ ಭಾಗದಲ್ಲಿ ಇನ್ನೂ ಸಿಗುತ್ತಾರೆ.

ಅದರ ಜೊತೆಗೇ ಒಡೆತನದ ಕಾಗದಗಳನ್ನು ಹುಡುಕಿ. ವಾರಸುದಾರರೆಲ್ಲರನ್ನೂ ಒಟ್ಟಿಗೆ ಕೂರಿಸಿ, ಮನೆಯನ್ನು ಒಂದು ನೋಂದಾಯಿತ ಟ್ರಸ್ಟಿಗೆ ಬರೆದುಕೊಡಲು ಒಪ್ಪಿಸುವುದು ಕಷ್ಟವಾದರೂ ಅದಕ್ಕಿಂತ ಗಟ್ಟಿಯಾದ ದಾರಿ ಇಲ್ಲ. ಕುಪ್ಪಳಿಯ ಕವಿಮನೆ ಇಂದು ಅಷ್ಟು ಚೆನ್ನಾಗಿ ಇರುವುದು ಅದನ್ನು ನೋಡಿಕೊಳ್ಳುವ ಪ್ರತಿಷ್ಠಾನವೊಂದು ಇರುವುದರಿಂದ. 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಣೆ ಕೋರಿ ಪುರಾತತ್ತ್ವ ಇಲಾಖೆಗೆ ಅರ್ಜಿಯನ್ನೂ ಕೊಡಿ, ಆದರೆ ಅದರ ಉತ್ತರಕ್ಕಾಗಿ ಕಾಯುತ್ತಾ ಕೈಕಟ್ಟಿ ಕೂರಬೇಡಿ.

ಮನೆಯೊಳಗಿನ ಪ್ರತಿಯೊಂದು ವಸ್ತುವಿನ ಚಿತ್ರ ತೆಗೆದು ಪಟ್ಟಿ ಮಾಡಿ. ಪತ್ರ, ಲೆಕ್ಕದ ಪುಸ್ತಕ, ಹರಿದ ಕರಪತ್ರ ಯಾವುದನ್ನೂ ರದ್ದಿಗೆ ಹೋಗಲು ಬಿಡಬೇಡಿ. ಆ ಹಿರಿಯರ ಪಂಕ್ತಿಯಲ್ಲಿ ಕುಳಿತು ಉಂಡವರು, ಆ ಮನೆಯ ಬಾವಿಯಲ್ಲಿ ಮೊದಲ ಬಾರಿಗೆ ಕೊಡ ಇಳಿಸಿದವರು, ಇಲ್ಲವೇ ಅವರ ಮಕ್ಕಳು ನಿಮ್ಮ ಊರಿನ ಕೇರಿಗಳಲ್ಲಿ ಇರುತ್ತಾರೆ. ಅವರ ಮಾತನ್ನು ಅವರ ಹೆಸರಿನಲ್ಲಿಯೇ, ಅವರು ಆಡಿದ ಭಾಷೆಯಲ್ಲಿಯೇ ಧ್ವನಿಮುದ್ರಿಸಿಕೊಳ್ಳಿ, ಮತ್ತು ಟ್ರಸ್ಟಿನ ಸದಸ್ಯರಲ್ಲಿ ಅರ್ಧದಷ್ಟಾದರೂ ಆ ಕೇರಿಗಳವರು ಇರುವಂತೆ ನೋಡಿಕೊಳ್ಳಿ. ಪತ್ರದಲ್ಲಿ ನೀವು ಕೇಳಿದ್ದ ಟ್ರಸ್ಟ್ ನೋಂದಣಿಯ ಮಾದರಿ ಕರಡನ್ನು ನಿಮ್ಮ ವಿಳಾಸಕ್ಕೆ ಪ್ರತ್ಯೇಕವಾಗಿ ಕಳುಹಿಸುತ್ತಿದ್ದೇನೆ.